ಹೊತ್ತು ತಪ್ಪಿದ ಕೋಳಿ

ಮುಂಬಯಿಯ ವಡಾಲದಲ್ಲಿ ಗೋದಾಮುಗಳ ಹಿಂದಿನ ಗುಡಿಸಲುಗಳ ಗಲ್ಲಿಗೆ ದೀಪ ತರಿಸಿದವಳು ಭಾಗವ್ವ. ಯಾದಗಿರಿ ಕಡೆಯಿಂದ ಬಂದು ಗಂಡ ಹಣಮಂತನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಹೋಗುವ ಹೆಂಗಸು. ಒಂದು ಮಳೆಗಾಲ ಕತ್ತಲಲ್ಲಿ ಗಟಾರಕ್ಕೆ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಎಂಬತ್ತೈದರ ಚುನಾವಣೆಗೆ ಕೈಮುಗಿಯುತ್ತ ಬಂದವರನ್ನು ಅಡ್ಡಗಟ್ಟಿ, "ಸಾಬ್, ಲೈಟ್ ಪಾಹಿಜೆ" ಎಂದು ಬಂದಷ್ಟು ಮರಾಠಿಯಲ್ಲೇ ದೀಪ ಬೇಕೆಂದು ಪಟ್ಟು ಹಿಡಿದಳು. ಅವರೂ ಹಾಕಿಸಿದರು ನೋಡಿ, ಹಾಕಿಸಿದರೆ ಹೀಗೆ ಹಾಕಿಸಬೇಕು: ತೆಂಗಿನ ಮರದೆತ್ತರದ ಕಂಬ, ತುದಿಯಲ್ಲಿ ನಾಲ್ಕು ದೊಡ್ಡ ಹಳದಿ ದೀಪ. ಗಲ್ಲಿಯವರು ಅದಕ್ಕೆ ಭಾಗವ್ವನ ಸೂರ್ಯ ಎಂದೇ ಹೆಸರಿಟ್ಟರು. ಅವಳೂ ಆ ಹೆಸರು ಕೇಳಿ ಒಳಗೊಳಗೇ ಉಬ್ಬಿದಳು.

ಕಂಬ ನಿಂತದ್ದು ಪಕ್ಕದ ಲಕ್ಷ್ಮವ್ವನ ಬಾಗಿಲ ಮುಂದೆ. ಲಕ್ಷ್ಮವ್ವ ವಿಧವೆ. ಭಾಗವ್ವ ಮುಂಬಯಿಗೆ ಬಂದ ಹೊಸತರಲ್ಲಿ ಮಲಗಲು ಜಾಗ ಕೊಟ್ಟವಳು, ತನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟವಳು. ತವರಿನಿಂದ ಸೆರಗಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ತಂದ ಕೋಳಿಮರಿಯನ್ನು ಸಾಕಿ ಹುಂಜ ಮಾಡಿದ್ದಳು. ಅದರ ಹೆಸರು ಸಾವ್ಕಾರ. ಸಾವ್ಕಾರ ಕೂಗಿದರೆ ಗಲ್ಲಿಯಲ್ಲಿ ಸ್ಟೋವ್ ಹೊತ್ತುತ್ತಿದ್ದವು. "ನಿನ್ನ ಕೋಳಿ ಕೂಗದಿದ್ರ ಮುಂಬಯಿಗಿ ಬೆಳಕೇ ಹರಿಯಂಗಿಲ್ಲ ಬಿಡು" ಎಂದು ಎಲ್ಲರೂ ಅವಳನ್ನು ರೇಗಿಸುತ್ತಿದ್ದರು.

ಮೊದಮೊದಲು ದೀಪದಿಂದ ಲಾಭವಾದದ್ದು ಸಾವ್ಕಾರನಿಗೇ. ದೀಪಕ್ಕೆ ಮುತ್ತಿ ಸತ್ತ ಹುಳುಗಳು ಬೆಳಗಾದರೆ ಕಂಬದ ಬುಡದಲ್ಲಿ ರಾಶಿ ಬಿದ್ದಿರುತ್ತಿದ್ದವು. ತಿಂದೂ ತಿಂದೂ ಅವನಿಗೆ ಮೈ ಬಂತು. ಆಮೇಲೆ ಒಂದು ದಿನ ಅವನು ನಡುರಾತ್ರಿ ಕೂಗಿದ. ಲಕ್ಷ್ಮವ್ವ ಎದ್ದು ರೊಟ್ಟಿ ಬಡಿದು, ಕೂಲಿಗೆ ಕರೆಯುವವರಿಗಾಗಿ ಕಾಯುವ ನಾಕಾಕ್ಕೆ ಹೋದರೆ ಅಲ್ಲಿ ನಾಯಿಯೂ ಇರಲಿಲ್ಲ. ಗಲ್ಲಿಯೆಲ್ಲ ನಕ್ಕಿತು. ಆದರೆ ಕೂಗು ದಿನಾ ಆಯಿತು, ಅದೇ ವಾರ ಹಣಮಂತ ಜ್ವರ ಬಂದು ಮಲಗಿದ. ಭಾಗವ್ವ ನಗುವುದನ್ನು ಬಿಟ್ಟಳು. ಅಪವೇಳೆಯಲ್ಲಿ ಕೂಗುವ ಕೋಳಿ ಹೆಣ ಕಾಣದೆ ಸುಮ್ಮನಾಗದು, ಅದನ್ನು ಮೊದಲು ಕೊಯ್ಯಬೇಕು ಎಂದು ಅವಳ ಅವ್ವ ಹೇಳುತ್ತಿದ್ದಳು.

ಲಕ್ಷ್ಮವ್ವ ತಾನೇ ಬಂದಳು. "ರಾತ್ರಿ ಬುಟ್ಟಿ ಮ್ಯಾಲ ಗೋಣಿಚೀಲ ಹಾಕ್ದೆ ತಂಗಿ. ಕೂಗಲೇ ಇಲ್ಲ ನೋಡು. ದಿನಾ ಹಂಗೇ ಹಾಕ್ತೀನಿ."

"ಬಾಯಿ ಮುಚ್ಚಿದ್ರ ಅಪಶಕುನ ಹೋಗ್ತದೇನಕ್ಕಾ? ನನ್ನ ಗಂಡ ಮಲ್ಕೊಂಡಾನ. ನಿನಗೇನು, ನಿನ್ನ ಗಂಡ ಎಂದೋ ಹೋದ."

ಮಾತು ಆಡಿದರೆ ಹೋಯಿತು. ಲಕ್ಷ್ಮವ್ವ ಒಳಗೆ ಹೋಗಿ ಕೋಳಿಯಿದ್ದ ಬುಟ್ಟಿ ತಂದಿಟ್ಟಳು. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಸಾಕಿದವಳನ್ನೂ ಆವತ್ತು ಯಾರೂ ಕೇಳಲಿಲ್ಲ. ನೆರೆಯ ಕಾಂತಪ್ಪ ಸಾವ್ಕಾರನನ್ನು ರೈಲುಹಳಿಯ ಆಚೆ ಒಯ್ದು ಕೊಯ್ದ.

ಹಣಮಂತ ಎದ್ದು ಕೂತ. ಕೋಳಿ ಹೋದದ್ದಕ್ಕೇ ಎಂದಳು ಭಾಗವ್ವ. ಸರ್ಕಾರಿ ಆಸ್ಪತ್ರೆಯ ಕಹಿ ಗುಳಿಗೆ ನುಂಗಿದವನು ಉಳಿದ ಗುಳಿಗೆಗಳನ್ನು ಎಣಿಸಿದ.

ಈಗ ನಿದ್ದೆ ಕೆಟ್ಟದ್ದು ಭಾಗವ್ವನಿಗೆ. ತಗಡಿನ ಸಂದಿಗಳಿಂದ, ಬಾಗಿಲ ಚಿಂದಿಪರದೆಯಿಂದ ಆ ಹಳದಿ ಬೆಳಕು ಕಣ್ಣಿಗೇ ಬರುತ್ತಿತ್ತು. ಮಗ್ಗುಲು ಬದಲಿಸುತ್ತ ಮಲಗಿದ್ದಾಗ ಅವಳಿಗೆ ಕೇಳಿಸಿತು: ಕಂಬದ ಪಕ್ಕದ ಅರಳಿಮರದಲ್ಲಿ ಕಾಗೆಗಳು ನಡುರಾತ್ರಿಯಲ್ಲೇ ಎದ್ದು ಕೂಗಾಡುತ್ತಿದ್ದವು. ಮತ್ತೆ ಅಪಶಕುನವೇ ಎಂದು ಎದ್ದು ಕೂತಳು. ಮರುರಾತ್ರಿಯೂ ಅದೇ ಗಲಾಟೆ. ಮೂರನೆಯ ರಾತ್ರಿ ಕರೆಂಟು ಹೋಯಿತು. ಗಲ್ಲಿಗೆ ಹಳೆಯ ಕತ್ತಲು ಬಂತು; ಕಾಗೆಗಳು ಸೊಲ್ಲೆತ್ತಲಿಲ್ಲ, ಭಾಗವ್ವ ಸತ್ತವಳ ಹಾಗೆ ನಿದ್ದೆ ಮಾಡಿದಳು. ಕರೆಂಟು ಬಂದ ರಾತ್ರಿ ದೀಪ ಹತ್ತಿತು, ಕಾಗೆಗಳೂ ಶುರುಮಾಡಿದವು. ಅವಳಿಗೆ ಇನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಾವ್ಕಾರ ಸಾವು ಕೂಗಿರಲಿಲ್ಲ. ಪಾಪದ ಪ್ರಾಣಿ, ಬೆಳಕು ಕಂಡು ಬೆಳಗಾಯಿತೆಂದು ನಂಬಿತ್ತು, ಅಷ್ಟೇ.

ಮರುದಿನ ಕೆಲಸದಿಂದ ಬಂದವಳೇ ಕೈಕಾಲು ತೊಳೆಯದೆ ಲಕ್ಷ್ಮವ್ವನ ಬಾಗಿಲಿಗೆ ಹೋದಳು. ತಿಂಗಳಾಗಿತ್ತು, ಇಬ್ಬರೂ ಮಾತಾಡಿರಲಿಲ್ಲ.

"ಯಕ್ಕಾ, ತಪ್ಪು ಕೋಳೀದಲ್ಲ. ನನ್ನ ಲೈಟಿಂದು."

"ಗೊತ್ತದ" ಎಂದಳು ಲಕ್ಷ್ಮವ್ವ, ಅಕ್ಕಿ ಆರಿಸುತ್ತಲೇ.

"ಗೊತ್ತಿದ್ರ ನನಗ್ಯಾಕ ಹೇಳಲಿಲ್ಲ?"

"ಚೀಲ ಹಾಕ್ದೆ, ಕೂಗಲಿಲ್ಲ ಅಂತ ಹೇಳ್ದೆನಲ್ಲ. ನೀ ಕೇಳಲಿಲ್ಲ."

ಭಾಗವ್ವನಿಗೆ ಅಳು ಒತ್ತರಿಸಿ ಬಂತು. ತನ್ನ ನಾಲಿಗೆಯನ್ನು ತಾನೇ ಕಿತ್ತುಹಾಕಿಕೊಳ್ಳಬೇಕೆನಿಸಿತು. ಲಕ್ಷ್ಮವ್ವ ನಿದ್ದೆಗೆಟ್ಟು ಕೆಂಪಾದ ಅವಳ ಕಣ್ಣುಗಳನ್ನು ನೋಡಿ ಮೊರ ಬದಿಗಿಟ್ಟಳು. ಮೂಲೆಯಲ್ಲಿ ಮಡಿಸಿಟ್ಟಿದ್ದ ಗೋಣಿಚೀಲ ತಂದು ಅವಳ ಕೈಗೆ ಕೊಟ್ಟಳು.

"ಇದನ್ನ ಬಾಗಲಿಗೆ ಕಟ್ಟಕೋ ತಂಗಿ. ನಿದ್ದಿ ಬರ್ತದ."

ಚೀಲದಲ್ಲಿ ಇನ್ನೂ ಕೋಳಿಯ ವಾಸನೆಯಿತ್ತು. ಭಾಗವ್ವ ಅದನ್ನು ಎದೆಗವಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊರಗೆ ದೀಪ ಹತ್ತಿತು.