ಗೆಡ್ಡೆ ಸಮೇತ

ಕುರ್ಯಾಕೋಸ್ ಸಾರ್ ಹೊಸ ಗಿಡವೊಂದನ್ನು ಕಂಡುಹಿಡಿದಿದ್ದಕ್ಕೆ ನಮ್ಮ ಕಾಲೇಜಿನಲ್ಲಿ ಅವರಿಗೆ ಶಾಲು ಹೊದಿಸಿದರು. ಗಿಡ ಗೇಣುದ್ದವೂ ಇರಲಿಲ್ಲ; ಸನ್ಮಾನಪತ್ರ ಮೊಳದುದ್ದ ಇತ್ತು. ಮುಟ್ಟಿದರೆ ಕಾಯಿ ಸಿಡಿಯುವ ಕರ್ಣಕುಂಡಲದ ಜಾತಿ. ಮಳೆಗಾಲದಲ್ಲಿ ಮಾತ್ರ ಆನಪ್ಪಾರೆ ಬೆಟ್ಟದ ಒದ್ದೆ ಬಂಡೆಗೆ ಅಂಟಿಕೊಂಡು ಹೂ ಬಿಡುವಂಥದ್ದು. ಪ್ರಿನ್ಸಿಪಾಲರು ಭಾಷಣದಲ್ಲಿ, ಕುರ್ಯಾಕೋಸ್ ಜಗತ್ತಿಗೆ ಒಂದು ಗಿಡ ಕೊಟ್ಟರು ಎಂದರು. ಪಕ್ಕದಲ್ಲಿ ಕೂತಿದ್ದ ಸಾರ್ ಸಾವಿನ ಮನೆಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು. ನಾನು ಚರಿತ್ರೆ ಪಾಠ ಮಾಡುವವನು. ಭಾಷಣ ಕೇಳುವ ಬದಲು ಸನ್ಮಾನಿತರ ಮುಖ ನೋಡುವುದು ನನ್ನ ಚಾಳಿ.

ಕಾರಣ ಆಮೇಲೆ ತಿಳಿಯಿತು. ಸಸ್ಯಶಾಸ್ತ್ರದವರಲ್ಲಿ, ಹೊಸ ಗಿಡ ನೋಡಿದೆ ಎಂದರೆ ಯಾರೂ ನಂಬುವುದಿಲ್ಲ. ಹೂವು, ಕಾಯಿ, ಗೆಡ್ಡೆ ಸಮೇತ ಕಿತ್ತು, ಹಳೇ ಪೇಪರುಗಳ ನಡುವೆ ಒತ್ತಿ ಒಣಗಿಸಿ, ರಟ್ಟಿಗೆ ಹೊಲಿದು ಸಾಕ್ಷಿ ಇಡಬೇಕು. ಒಂದು ಸಾಕ್ಷಿ ನಮ್ಮ ಬೀರುವಿಗೆ, ಉಳಿದವು ದೊಡ್ಡ ದೊಡ್ಡ ಊರುಗಳ ಸಸ್ಯಸಂಗ್ರಹದ ಬೀರುಗಳಿಗೆ. ಎಲ್ಲರಿಗೂ ಹಂಚಬೇಕಲ್ಲ ಎಂದು ಸಾರ್ ಬಂಡೆಯ ಮೇಲೆ ಕಂಡಷ್ಟನ್ನೂ ಕಿತ್ತರು. ಆಚೆ ಮಗ್ಗುಲಲ್ಲಿ ಇನ್ನಷ್ಟು ಇರುತ್ತದೆ ಎಂದುಕೊಂಡಿದ್ದರು. ಇರಲಿಲ್ಲ. ಮರುವರ್ಷದ ಮಳೆಯಲ್ಲಿ ಇಡೀ ಬೆಟ್ಟ ಸುತ್ತಿದರು, ಆಗಲೂ ಇರಲಿಲ್ಲ. ಗಿಡಕ್ಕೆ ಸಾರ್ ತಮ್ಮ ಗುರುಗಳ ಹೆಸರಿಟ್ಟಿದ್ದರು. ಗುರುಗಳೂ ತೀರಿಕೊಂಡಿದ್ದರು, ಆದರೆ ಅದರಲ್ಲಿ ಸಾರ್ ಅವರ ಕೈ ಇರಲಿಲ್ಲ.

ಈ ಮಳೆಗಾಲ ಅವರು ಮತ್ತೆ ಹುಡುಕಲು ಹೊರಟಾಗ ಜೀಪಿನಲ್ಲಿ ನಾನೂ ಹತ್ತಿದೆ.

"ಇಗರ್ಜಿಗೆ ಹೋಗಿ ಪಾಪ ಒಪ್ಪಿಸಿ ಬಂದೆ ಪಣಿಕ್ಕರೇ," ಎಂದರು ಘಾಟಿಯ ತಿರುವಿನಲ್ಲಿ.

"ಫಾದರ್ ಏನಂದ್ರು?"

"ಯಾರ ತೋಟದ ಗಿಡ ಅಂತ ಕೇಳಿದ್ರು. ಯಾರದೂ ಅಲ್ಲ ಅಂದೆ. ಹಾಗಾದ್ರೆ ಕಳ್ಳತನ ಆಗಲ್ಲ ಬಿಡಿ ಅಂದ್ರು."

"ಸರಿಯಾಗೇ ಹೇಳಿದಾರೆ."

"ಕಳ್ಳತನ ಅಲ್ಲ ಫಾದರ್, ಕೊಲೆ, ವಂಶಾನೇ ತೆಗೆದೆ ಅಂದೆ. ಫಾದರ್ ಗಡಿಯಾರ ನೋಡಿದ್ರು. ಆಮೇಲೆ, ಒಂದು ಜಪಮಾಲೆ ಹೇಳಿ, ಹಿತ್ತಲಲ್ಲೊಂದು ಹಲಸಿನ ಸಸಿ ನೆಡಿ ಅಂದ್ರು."

"ನೆಟ್ರಾ?"

"ನೆಟ್ಟೆ. ಚೆನ್ನಾಗಿ ಬಂದಿದೆ. ನೋಡಿದಾಗೆಲ್ಲ ಮೈ ಉರಿಯುತ್ತೆ."

ಬಂಡೆಯ ಮೇಲೆ ನೀರು ಜಿನುಗುತ್ತಿತ್ತು, ಪಾಚಿ ಇತ್ತು, ನಮ್ಮ ಕಾಲಿಗೆ ರಕ್ತ ಹೀರುವ ಇಂಬಳಗಳಿದ್ದವು. ಗಿಡವಿರಲಿಲ್ಲ. ಸಾರ್ ಹೊಟ್ಟೆಯ ಮೇಲೆ ಮಲಗಿ ಸಂದುಸಂದಿನಲ್ಲೂ ಹುಡುಕಿದರು. ತಾವು ಕಿತ್ತ ಜಾಗದ ಸಣ್ಣ ಸಣ್ಣ ಕುಳಿಗಳನ್ನು ನನಗೆ ತೋರಿಸಿದರು. ನನಗೆ ಕುಳಿ ಕಾಣಲಿಲ್ಲ. ಕಂಡಿತು ಎಂದೆ.

ಇಳಿದು ಬಂದು, ಊರಿಗೆಲ್ಲ ಅಕ್ಕನಾದ ಭಾರ್ಗವಿ ಚೇಚಿಯ ಚಹಾದಂಗಡಿಯಲ್ಲಿ ಕೂತೆವು. ಬೆಟ್ಟ ಹತ್ತುವವರೆಲ್ಲ ಚೇಚಿಯ ಬಾಳೆಹಣ್ಣಿನ ಬಜ್ಜಿ ತಿಂದೇ ಮುಂದೆ ಹೋಗುವುದು. ಪೇಪರಿನ ಚೂರಿನ ಮೇಲೆ ಬಜ್ಜಿ ಇಡುತ್ತ ಚೇಚಿ ಸಾರ್ ಮುಖ ನೋಡಿದಳು.

"ಏನ್ ಸಾರ್, ಈ ಸಲ ಸೊಪ್ಪು ಸಿಗಲಿಲ್ವಾ? ಆವತ್ತು ನನ್ನ ಬೆಂಚ್ ಪೂರ್ತಿ ಹರಡಿಕೊಂಡು ಕೂತಿದ್ರಿ, ಗಿರಾಕಿಗಳು ನಿಂತ್ಕೊಂಡೇ ಚಾ ಕುಡಿದ್ರು."

ಸಾರ್ ಬಜ್ಜಿ ಕೆಳಗಿಟ್ಟರು. ಆವತ್ತು ಕಿತ್ತ ಗಿಡಗಳು ಕೊಳೆಯದಿರಲಿ ಎಂದು ಇದೇ ಬೆಂಚಿನ ಮೇಲೆ ಒದ್ದೆ ಪೇಪರು ತೆಗೆದು ಒಣಗಿದ್ದನ್ನು ಹಾಕಿದ್ದರು. ಒತ್ತಿಟ್ಟಿದ್ದರಲ್ಲಿ ಕಾಯಿಗಳೂ ಇದ್ದವು. ಅವು ಸಿಡಿದು ಬೀಜ ಚೆಲ್ಲುವ ಜಾತಿ.

"ಚೇಚಿ, ಆ ಒದ್ದೆ ಪೇಪರ್ ಏನ್ ಮಾಡಿದ್ರಿ?"

"ಒಲೆಗೆ ಹಾಕಿದ್ರೆ ಬರೀ ಹೊಗೆ ಬಂತು. ಹಿಂದಕ್ಕೆ ಬಿಸಾಕಿದೆ. ಯಾಕೆ, ಕೇಸ್ ಹಾಕ್ತೀರಾ?"

ಅವಳ ಮಾತು ಮುಗಿಯುವ ಮೊದಲೇ ಸಾರ್ ಅಡುಗೆಮನೆ ದಾಟಿದ್ದರು.

ಹಿಂದೆ ಬೆಟ್ಟದ ನೀರು ಜಿನುಗುವ ಒಂದು ಮಣ್ಣಿನ ದರೆ ಇತ್ತು. ಅದರ ಬುಡದಲ್ಲಿ, ಒಡೆದ ಬಕೆಟ್ಟಿಗೂ ಕೋಳಿಗೂಡಿಗೂ ನಡುವೆ, ಒಂದೇ ಒಂದು ಗಿಡ. ಮೇಲೆ ತಿಳಿಗುಲಾಬಿ ಹೂವು. ಸಾರ್ ಕೆಸರಿನಲ್ಲಿ ಮಂಡಿಯೂರಿದರು. ಅವರ ತುಟಿ ಅಲುಗುತ್ತಿತ್ತು. ಜಪವೋ ಲ್ಯಾಟಿನ್ನೋ ಗೊತ್ತಾಗಲಿಲ್ಲ.

ಆಗ ಅವರ ಬಲಗೈ ಮುಂದೆ ಹೋಯಿತು. ಹೆಬ್ಬೆರಳು, ತೋರುಬೆರಳು ಗಿಡದ ಬುಡವನ್ನು ಮೆಲ್ಲಗೆ ಹಿಡಿದವು. ಇನ್ನೊಂದು ಬೆರಳು ಗೆಡ್ಡೆ ಸಡಿಲಿಸಲು ಮಣ್ಣಿಗಿಳಿಯಿತು. ಜನ್ಮವಿಡೀ ಮಾಡಿದ ಕೆಲಸ, ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಾರ್," ಎಂದೆ.

ಅವರು ತಮ್ಮ ಕೈಯನ್ನು ನೋಡಿದರು. ಕೆಂಡ ಮುಟ್ಟಿದವರಂತೆ ಎಳೆದುಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಎದ್ದು ನಿಂತರು.

"ಕಿತ್ಕೊಂಡು ಹೋಗಿ ಸಾರ್, ಅದಕ್ಕೇನಂತೆ," ಎಂದಳು ಹಿಂದಿನಿಂದ ಬಂದ ಚೇಚಿ. "ಇಲ್ಲಿ ಕಳೆ ಜಾಸ್ತಿಯಾಗಿದೆ. ನಾಳೆ ಹೇಗೂ ಕೆರೆಸಬೇಕು."

"ಬೇಡ! ಕೆರೆಸಬೇಡಿ."

"ಯಾಕೆ, ಔಷಧೀನಾ?"

"ಅಲ್ಲ."

"ತಿನ್ನೋಕಾಗುತ್ತಾ?"

"ಇಲ್ಲ."

"ಮತ್ತೆ ಏನಕ್ಕೆ?"

ಅಪರೂಪದ ಗಿಡ ಎಂದಿದ್ದರೆ ಸಾಕಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಸಾರ್ ನನ್ನತ್ತ ನೋಡಿದರು. ನಾನು ಕೋಳಿಗೂಡನ್ನು ನೋಡಿದೆ.

"ಈ ಲೋಕದಲ್ಲಿ ಇದೊಂದೇ ಉಳಿದಿರೋದು ಚೇಚಿ," ಎಂದರು. "ಬಾಕಿ ಎಲ್ಲಾನೂ ಕಿತ್ತವನು ನಾನೇ. ಆವತ್ತು ನಿಮ್ಮ ಬೆಂಚಿನ ಮೇಲೆ ಹರಡಿದ್ದು ಅವನ್ನೇ."

"ನೀವಾ? ಕಾಲೇಜಿನೋರು?"

"ನಾನೇ."

"ಏನಕ್ಕೆ ಕಿತ್ರಿ?"

"ಇದೆ ಅಂತ ತೋರ್ಸೋಕೆ."

ಚೇಚಿ ಹೂವನ್ನು ನೋಡಿದಳು, ಸಾರ್ ಅವರನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಒಳಗೆ ಹೋಗಿ ಕೋಳಿ ಮುಚ್ಚುವ ಬಿದಿರಿನ ಪಂಜರ ತಂದಳು. ಗಿಡಕ್ಕೆ ತಾಗದಂತೆ ಕವುಚಿ, ಮೇಲೊಂದು ಕಲ್ಲು ಹೇರಿದಳು. ಆಮೇಲೆ ಪಂಜರಕ್ಕೂ ಸಾರ್‌ಗೂ ನಡುವೆ ಬಂದು ನಿಂತಳು.

"ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸಾರ್," ಎಂದಳು.

ಸಾರ್ ಆ ಕಡೆ ಹೋಗಿ, ಸೂರು ದಾಟಿ, ಮಳೆಯಲ್ಲಿ ನಿಂತರು. ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.