ಹರ್ನಿಯಾಗೆ ಹೊಲಿದ ಪಟ್ಟಿ

ಆ ದರಿದ್ರ ಪಟ್ಟಿ ಹೊಲಿದುಕೊಟ್ಟವಳು ತಾನೇ ಎಂಬುದು ನೆನಪಾದಾಗಲೆಲ್ಲ ಟೈಲರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಗಂಡ ಮನೆ ಸಾಮಾನು ಸಾಗಿಸುವವನು. ಫ್ರಿಜ್ಜು, ಬೀರು ಬೆನ್ನಿಗೇರಿಸಿ ನಾಲ್ಕು ಮಹಡಿ ಹತ್ತುವ ಆಸಾಮಿ. ಸಾಲದ್ದಕ್ಕೆ ಸಿಗರೇಟು, ಅದರ ಹಿಂದೆಯೇ ಕೆಮ್ಮು. ಎರಡು ವರ್ಷದ ಹಿಂದೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿತು. ಕೆಮ್ಮಿದರೆ ಹೊರಗೆ, ಮಲಗಿ ಒತ್ತಿದರೆ ಒಳಗೆ.

"ಹರ್ನಿಯಾ. ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಗೆ ಬರ್ತಿದೆ. ಭಾರ ಎತ್ತಬೇಡ, ಆಪರೇಷನ್ ಮಾಡಿಸ್ಕೊ" ಅಂದಿದ್ದರು ಡಾಕ್ಟರು.

ಇವನು ಮನೆಗೆ ಬಂದು ಹೇಳಿದ್ದು, "ನಾನು ಮಲಗಿದ್ರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಬಿಗಿಯಾಗಿ ಒಂದು ಪಟ್ಟಿ ಹೊಲಿದುಕೊಡೇ, ಸಾಕು."

ಇವಳೂ ಹೊಲಿದಳು! ದಪ್ಪ ಕ್ಯಾನ್ವಾಸು, ಒಳಗೆ ಕಂಬಳಿ ಚೂರಿನ ಮೆತ್ತೆ, ಎರಡು ಬಕಲ್ಲು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ಅವನು ಆಸ್ಪತ್ರೆಯನ್ನೇ ಮರೆತ. ನೆನಪಿಸಿದರೆ "ಮುಂದಿನ ತಿಂಗಳು ಕಣೇ" ಅನ್ನುವನು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಅವಳಿಗೆ ಸಾಕಾಗಿತ್ತು.

ಇವತ್ತು ಬೆಳಗ್ಗೆ ಕೆಲಸಕ್ಕೆ ಹೊರಟವನು ಬಾಗಿಲಲ್ಲೇ ಕುಸಿದು ಕೂತ. ಗಂಟು ಕಲ್ಲಿನಂತೆ ಗಟ್ಟಿ, ಮೇಲಿನ ಚರ್ಮ ಕೆಂಪು. ಎಷ್ಟು ಒತ್ತಿದರೂ ಒಳಗೆ ಹೋಗದು. ಎರಡು ಸಲ ವಾಂತಿ ಬೇರೆ. ಅಷ್ಟಾದರೂ ಬಾಯಿಬಿಟ್ಟು ಕೇಳಿದ್ದೇನು?

"ಪಟ್ಟೀನ ಇನ್ನೊಂದಿಂಚು ಬಿಗಿ ಮಾಡ್ಕೊಡೇ."

"ನಿಮ್ಮ ತಲೆ!" ಎಂದವಳೇ ಕತ್ತರಿ ತಂದು ಪಟ್ಟಿಯನ್ನು ಸರಕ್ಕನೆ ಕತ್ತರಿಸಿ ಎಸೆದಳು, ಬಾಡಿಗೆ ಕಾರು ಕರೆದಳು.

ಈಗ ಡಾಕ್ಟರು ಹೊರಬಂದರು. "ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯೋದು ನಿಂತಿತ್ತಮ್ಮ. ಗೇಣುದ್ದ ಕಪ್ಪಾಗಿತ್ತು, ಅಷ್ಟನ್ನು ತೆಗೆದು ಜೋಡಿಸಿದ್ದೀವಿ. ಎರಡು ದಿನ ಕಳೆಯೋವರೆಗೂ ಏನೂ ಹೇಳೋಕಾಗಲ್ಲ. ಎಷ್ಟು ದಿನದಿಂದ ಇತ್ತು?"

"ಎರಡು ವರ್ಷ."

ಡಾಕ್ಟರು ಅದನ್ನು ಫೈಲಿನಲ್ಲಿ ಬರೆದುಕೊಂಡು ಒಳಗೆ ಹೋದರು. ನಾಲ್ಕು ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅಷ್ಟರಲ್ಲಿ ಗಂಡನ ಜೊತೆ ಸಾಮಾನು ಹೊರುವ ಡುಮ್ಮ ಓಡಿಬಂದ. ವಿಷಯ ಕೇಳಿ ಲೊಚಗುಟ್ಟಿದ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅತ್ತಿಗೆ, ಈಗ ಕೇಳಬಾರದು... ಅಣ್ಣಂಗೆ ಹೊಲಿದಿರಲ್ಲ, ಅಂಥದ್ದೇ ನಂಗೊಂದು ಬೇಕಿತ್ತು. ನಂದು ಹೊಕ್ಕುಳ ಹತ್ರ, ಸಣ್ಣದು. ಪಟ್ಟಿ ಕಟ್ಟಿದ್ರೆ ಏನೂ ಆಗಲ್ಲ ಅಂತ ಅಣ್ಣನೇ ಹೇಳಿದ್ದ."

ಟೈಲರಮ್ಮ ಎದ್ದು ಅವನ ಕಾಲರು ಹಿಡಿದು, ಚೀಟಿ ಬರೆಯುವ ಕಿಟಕಿಯವರೆಗೂ ದರದರನೆ ಎಳೆದುಕೊಂಡು ಹೋದಳು.

"ಬಿಡಿ ಅತ್ತಿಗೆ, ಮಧ್ಯಾಹ್ನ ಲೋಡಿದೆ!"

"ಇರಲಿ!" ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ಇವನ ಹೆಸರು ಬರ್ಕೊಳ್ಳಿ, ಇವನಿಗೂ ಹರ್ನಿಯಾ."

ಚೀಟಿ ಕೈಗೆ ಬರುವವರೆಗೂ ಅವಳು ಕಾಲರು ಬಿಡಲಿಲ್ಲ.