ಫೇಲಾದ ಪಿಸ್ತೂಲಿನ ಮೇಲೆ ಹನ್ನೆರಡು ಅಕ್ಷರ

ಪರೀಕ್ಷೆಯಲ್ಲಿ ಪಾಸಾದ ಪಿಸ್ತೂಲಿಗೆ ಮರ್ಯಾದೆಯಿಲ್ಲ. ಪಾಸಾದರೆ ಸೈನ್ಯ ಲಕ್ಷಗಟ್ಟಲೆ ಮಾಡಿಸುತ್ತದೆ, ಆಮೇಲೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಫೇಲಾದದ್ದು ಮಾತ್ರ ಒಂದೋ ಎರಡೋ ಉಳಿಯುತ್ತದೆ. ಅದರ ಮುಂದೆ ನಮ್ಮ ಪೆನ್ಸಿಲ್ವೇನಿಯಾದ ದೊಡ್ಡಮನುಷ್ಯರು ಬಿಳಿ ಕೈಗವಸು ಹಾಕಿಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ನಾನೂ ಹತ್ತನೇ ಕ್ಲಾಸಿನಲ್ಲಿ ಫೇಲಾದವನೇ. ನನ್ನನ್ನು ಮುಟ್ಟಲು ಯಾರೂ ಕೈಗವಸು ಹಾಕಲಿಲ್ಲ. ಕಾರ್ಖಾನೆಯಲ್ಲಿ ಕಬ್ಬಿಣದ ಪೈಪಿನ ಮೇಲೆ ಅಕ್ಷರ ಕುಟ್ಟುವ ಕೆಲಸ ಕೊಟ್ಟರು, ಅಷ್ಟೆ.

ನಮ್ಮ ಮನೆಯಲ್ಲೂ ಅಂಥದೊಂದು ಫೇಲಾದ ಪಿಸ್ತೂಲಿತ್ತು. ನನ್ನ ಅಜ್ಜಿ ಓರ್ಫಾಳ ಅಪ್ಪ ಈನೊಕ್ ಟ್ರೆಕ್ಸ್ಲರ್ ಮೊದಲ ಮಹಾಯುದ್ಧಕ್ಕೂ ಮುಂಚೆ ಸಿಪಾಯಿಯಾಗಿದ್ದ. ಪರೀಕ್ಷೆಗೆಂದು ಹೊಸ ಪಿಸ್ತೂಲನ್ನು ಮರಳಲ್ಲಿ ಹೊರಳಿಸಿ, ಉಪ್ಪುನೀರಲ್ಲಿ ನೆನೆಸಿ, ಕೊನೆಗೆ ಅವನ ಕೈಯಲ್ಲಿ ಗುಂಡು ಹೊಡೆಸಿದರು. ಮೇಲಿನ ತುಂಡು ಕಿತ್ತು ಬಂದು ಅವನ ಬಲಗಣ್ಣು ಹೋಯಿತು. ‘ಸಿಪಾಯಿ ಕುಡಿದಿದ್ದ’ ಎಂದು ಬರೆದು, ಪಿಂಚಣಿ ಕೊಡದೆ ಮನೆಗೆ ಕಳಿಸಿದರು. ಗುಜರಿಗೆ ಬಿದ್ದ ಪಿಸ್ತೂಲನ್ನು ಗೆಳೆಯನೊಬ್ಬ ಊಟದ ಡಬ್ಬಿಯಲ್ಲಿಟ್ಟು ಅವನಿಗೆ ತಂದುಕೊಟ್ಟ. ಬದುಕಿಡೀ ಒಂದು ಹನಿ ಮುಟ್ಟದವನು ಸಾಯುವವರೆಗೂ ಊರಿನ ಬಾಯಲ್ಲಿ ‘ಕುಡುಕ ಈನೊಕ್’. ಅಜ್ಜಿಗೆ ಎಂಬತ್ತಾದರೂ ಚರ್ಚಿನಲ್ಲಿ ಕುಡುಕನ ಮಗಳ ಬೆಂಚು ಹಿಂದಿನದೇ ಆಗಿತ್ತು.

ಪಿಸ್ತೂಲಿನ ವಾಸನೆ ಹಿಡಿದು ಥರ್ಲೋ ಹ್ಯಾಸ್ಕೆಟ್ ಬಂದ. ಮರದ ಮಿಲ್ಲಿನ ಮಾಲೀಕ, ಸಂಗ್ರಹಕಾರರ ಸಂಘದ ಅಧ್ಯಕ್ಷ. ಅಡುಗೆಮನೆಯ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದ.

“ಒರೆಸಿಲ್ಲ ತಾನೇ ಅಮ್ಮಾ? ಒಂದ್ಸಲಾನೂ?”

“ಒರೆಸ್ಬೇಕಿತ್ತಾ?”

“ಬೇಡ್ವೇ ಬೇಡ. ಈ ತುಕ್ಕು ರಕ್ತದ್ದು. ಅಸಲಿ.”

“ಅದು ನಮ್ಮಪ್ಪಂದು.”

“ಹೌದೌದು, ಬಹಳ ಚೆನ್ನಾಗಿ ಉಳ್ಕೊಂಡಿದೆ.”

ನನಗೆ ಅವನ ಕಾಫಿ ಲೋಟ ಕಿತ್ತುಕೊಳ್ಳಬೇಕೆನ್ನಿಸಿತು. ಅಜ್ಜಿ ಮಾತ್ರ ಇನ್ನಷ್ಟು ಕಾಫಿ ಬಗ್ಗಿಸಿದಳು.

“ಕೊಳ್ಳೋ ಮಾತು ಆಮೇಲೆ. ಮೊದ್ಲು ನಿಮ್ಮ ಪ್ರದರ್ಶನದಲ್ಲಿ ಇಡಿ. ಚೀಟಿಲಿ ನಮ್ಮಪ್ಪನ ಹೆಸ್ರು ಬರೀಬೇಕು. ಅವ್ನು ಕುಡಿದಿರ್ಲಿಲ್ಲ, ತಪ್ಪು ಪಿಸ್ತೂಲಿಂದು ಅಂತ. ಊರು ಓದ್ಲಿ.”

“ಖಂಡಿತ. ಪಿಸ್ತೂಲಿಂದೇ ತಪ್ಪು ಅಂದ್ರೆ ಇನ್ನೂ ಒಳ್ಳೇದು.” ಎಂಬತ್ತು ವರ್ಷ ಸೈನ್ಯ ಒಪ್ಪದ್ದನ್ನು ಈತ ಕಾಫಿ ಆರುವುದರೊಳಗೆ ಒಪ್ಪಿಬಿಟ್ಟ. ಹೊರಡುವಾಗ ಪಿಸ್ತೂಲಿನ ನಂಬರು ಬರೆದುಕೊಳ್ಳುತ್ತ, “ನಾವು ನಂಬೋದು ಎರಡೇ ಅಮ್ಮಾ. ಕಾಗದ, ಇಲ್ಲಾ ಕಬ್ಬಿಣದ ಮೇಲಿರೋ ಅಕ್ಷರ. ಮನುಷ್ಯರ ಬಾಯಿಮಾತಲ್ಲ,” ಎಂದ.

ಪ್ರದರ್ಶನದ ದಿನ ಬೆಳಿಗ್ಗೆ ಅಜ್ಜಿ, “ನಿನ್ನ ಅಕ್ಷರದ ಅಚ್ಚು, ಸುತ್ತಿಗೆ ತಗೊಂಬಾ,” ಎಂದಳು.

“ಯಾಕಜ್ಜಿ?”

“ತಗೊಂಬಾ ಅಂದ್ನಲ್ಲ.”

ಅಗ್ನಿಶಾಮಕ ಠಾಣೆಯ ಸಭಾಂಗಣ ತುಂಬಿತ್ತು. ನಮ್ಮ ಪಿಸ್ತೂಲು ನೀಲಿ ಮಖಮಲ್ಲಿನ ಮೇಲೆ ಮೊದಲ ಬಹುಮಾನದ ರಿಬ್ಬನ್ ಕಟ್ಟಿಕೊಂಡು ಮಲಗಿತ್ತು. ಚೀಟಿಯನ್ನು ನಾನೇ ಓದಿ ಹೇಳಿದೆ: “ಜಗತ್ತಿನಲ್ಲಿ ಇದೊಂದೇ. ಸೈನ್ಯದ ಪರೀಕ್ಷೆಯಲ್ಲಿ, ಕುಡಿದ ಸಿಪಾಯಿಯೊಬ್ಬನ ಕೈಯಲ್ಲಿ ಒಡೆದದ್ದು.”

“ಹೆಸ್ರೆಲ್ಲಿ?” ಎಂದಳು ಅಜ್ಜಿ.

ಹ್ಯಾಸ್ಕೆಟ್ ಕೈ ಉಜ್ಜಿಕೊಂಡ. “ಸೈನ್ಯದ ಕಾಗದ ಸಿಕ್ತಮ್ಮಾ. ಅದ್ರಲ್ಲಿ ಹೀಗೇ ಇದೆ. ಕಾಗದ ಬಿಟ್ಟು ಬರೆದ್ರೆ ತೀರ್ಪುಗಾರರು ಒಪ್ಪಲ್ಲ. ಅಲ್ದೆ ಕುಡುಕ ಅಂದ್ರೆ ಜನ ನಿಂತು ಓದ್ತಾರೆ.”

“ಸರಿ. ಒಂದ್ಸಲ ಕೈಲಿ ಹಿಡ್ಕೋತೀನಿ. ಇನ್ನೂ ನಂದೇ ತಾನೇ?”

ಅವನು ಗಾಜಿನ ಪೆಟ್ಟಿಗೆ ತೆರೆದು ಕೈಗವಸು ಚಾಚಿದ. ಅಜ್ಜಿ ಕೈಗವಸನ್ನು ಅವನ ಜೇಬಿಗೇ ತುರುಕಿ, ಪಿಸ್ತೂಲನ್ನು ನನ್ನ ಕೈಗಿತ್ತಳು. ಪಕ್ಕದ ರಿಪೇರಿ ಮಳಿಗೆಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲೊಂದಿತ್ತು. ಪಿಸ್ತೂಲಿನ ಮೇಲೆ ಯಾರ ಹೆಸರು ಕುಟ್ಟಬೇಕೆಂದು ಅವಳು ಹೇಳಬೇಕಾಗಿರಲಿಲ್ಲ.

ಮೊದಲ ಏಟಿಗೇ ಸಭಾಂಗಣದ ಜನ ಸುತ್ತುವರಿದರು. ಗಂಡಸರು ಟೋಪಿ ತೆಗೆದರು. ಈನೊಕ್ ಸತ್ತಾಗಲೂ ಇಷ್ಟು ಟೋಪಿ ಇಳಿದಿರಲಿಲ್ಲವಂತೆ.

“ತಮ್ಮಾ, ನಿಲ್ಸು,” ಹ್ಯಾಸ್ಕೆಟ್ ನನ್ನ ತೋಳು ಹಿಡಿದ. “ಹೆಸ್ರು ಬರೀತೀನಿ. ಈಗ್ಲೇ ಬರೀತೀನಿ. ದಪ್ಪಕ್ಷರದಲ್ಲಿ.”

“ಎಷ್ಟಾಯ್ತೋ?” ಎಂದಳು ಅಜ್ಜಿ.

“ಮೂರು.”

“ಇನ್ನೂ ಒಂಬತ್ತಿದೆ. ಕುಟ್ಟು.”

ENOCH TREXLER, ಇಂಗ್ಲಿಷಿನ ಹನ್ನೆರಡೂ ಅಕ್ಷರ ಕುಟ್ಟಿದೆ. ಏಳನೆಯದು ಸೊಟ್ಟಗೆ ಬಿತ್ತು, ಅಷ್ಟೆ. ಅಜ್ಜಿ ಲಂಗದ ಅಂಚಿನಿಂದ ಆ ರಕ್ತದ ತುಕ್ಕನ್ನು, ಮಗುವಿನ ಮೂತಿ ಒರೆಸುವ ಹಾಗೆ ಒರೆಸಿದಳು. ಹ್ಯಾಸ್ಕೆಟ್ ಕುರ್ಚಿಯ ಮೇಲೆ ಕುಸಿದಿದ್ದ.

“ಹಾಳಾಯ್ತು. ಇದು ಈಗ ಬರೀ ಕೆಟ್ಟ ಕಬ್ಬಿಣ.”

“ನಮ್ಮಪ್ಪ ಮೊದ್ಲಿಂದ್ಲೂ ಅದನ್ನೇ ಹೇಳ್ತಿದ್ದ,” ಎಂದಳು ಅಜ್ಜಿ. “ಕಬ್ಬಿಣದ ಮೇಲಿರೋದನ್ನ ನಂಬ್ತೀರಲ್ಲ, ಓದಿ. ಎಲ್ರಿಗೂ ಕೇಳೋ ಹಾಗೆ.”

ಅವನು ಓದಲಿಲ್ಲ. ಹಿಂದೆ ನಿಂತಿದ್ದ ಮುದುಕನೊಬ್ಬ ಕನ್ನಡಕ ಏರಿಸಿಕೊಂಡು ಅಕ್ಷರ ಕೂಡಿಸಿ ಓದಿದ. ಆಮೇಲೆ ಮತ್ತೊಬ್ಬ. ಆ ಭಾನುವಾರ ಅಜ್ಜಿ ಚರ್ಚಿನ ಮುಂದಿನ ಬೆಂಚಿಗೆ ಹೋಗಿ ಕೂತಳು. ಏಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.